ದೋಶಿ ಮೇಷ್ಟ್ರ ಬಗ್ಗೆ ಇನ್ನಷ್ಟು ಬರೆಯಬೇಕಿತ್ತು

ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ಓದು, ಕೆಲಸದ ಬಗ್ಗೆ ನೀವು ಬರೆದ ಲೇಖನ ಇಷ್ಟ ಆಯ್ತು. ಆದರೆ ಅರ್ಧ ಜಾಗ 2018ರಲ್ಲಿ ಅವರಿಗೆ ಬಂದ, ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಗೇ ಹೋಯಿತು. ಅವರು ಪಾಠ ಹೇಳಿದ್ದಕ್ಕೆ ಒಂದೇ ಸಾಲು! ಮುಂಬೈನ ಜೆ.ಜೆ. ಶಾಲೆಯ ಓದು, ಪ್ಯಾರಿಸ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಹತ್ತಿರ ಕೆಲಸ, ಎಲ್ಲ ಸರಿ. 1962ರಲ್ಲಿ ಅಹಮದಾಬಾದ್‌ನಲ್ಲಿ ವಾಸ್ತುಶಿಲ್ಪ ಶಾಲೆ ಶುರು ಮಾಡಿದ್ದು ನನಗೆ ಅದಕ್ಕಿಂತ ದೊಡ್ಡದು. ಇವತ್ತಿನ ಸೆಪ್ಟ್ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದಲೇ. ಆ ಶಾಲೆಯ ಕಟ್ಟಡದ ವಿನ್ಯಾಸವೂ ಅವರದೇ. ಇಟ್ಟಿಗೆ ಗೋಡೆ, ಉತ್ತರ ದಿಕ್ಕಿನಿಂದ ಬರುವ ಬೆಳಕು, ಬಾಗಿಲುಗಳು ತೀರಾ ಕಡಿಮೆ.

ಅವರು ವಿನ್ಯಾಸ ಮಾಡಿದ ಇಂದೋರ್‌ನ ‘ಅರಣ್ಯ’ ಎಂಬ ಬಡಾವಣೆಯೂ ಒಂದು ಪಾಠವೇ. ಅಲ್ಲಿ ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ನಿವೇಶನ, ತಳಪಾಯ, ಶೌಚಾಲಯ, ನೀರು, ಚರಂಡಿ ಕೊಟ್ಟರು. ಉಳಿದದ್ದನ್ನು ಕೈಯಲ್ಲಿ ಕಾಸು ಆಡಿದ ಹಾಗೆ ಜನರೇ ಕಟ್ಟಿಕೊಂಡರು. ಮನೆ ಕಟ್ಟುವವರ ಬುದ್ಧಿಯ ಮೇಲೆ ಇಷ್ಟು ನಂಬಿಕೆ ಇಟ್ಟ ವಾಸ್ತುಶಿಲ್ಪಿಗಳು ಎಷ್ಟು ಜನ ಸಿಗುತ್ತಾರೆ?

ಬೆಂಗಳೂರಿನ ಐಐಎಂ ಕೂಡ ಅವರದೇ ಅಲ್ವಾ, ಅದನ್ನು ಯಾಕೆ ಬಿಟ್ಟಿರಿ? ಆ ಬೂದು ಕಲ್ಲಿನ ಗೋಡೆಗಳು, ಮೇಲಿಂದ ಬಿಸಿಲು ಇಳಿಯುವ ಎತ್ತರದ ಓಣಿಗಳು. ತರಗತಿ ಮುಗಿದ ಮೇಲೂ ನಿಂತು ಮಾತಾಡಬೇಕು ಅನ್ನಿಸುವ ಜಾಗ ಅದು. ಅವರ ಶಿಷ್ಯರನ್ನು ಮಾತಾಡಿಸಿ ಇನ್ನೊಂದು ಲೇಖನ ಬರೆಯಿರಿ, ದಯವಿಟ್ಟು.