ಗಂಜ್ ಅಂಗಡಿಯ ಬಿಲ್ಲಿಂಗಿಗೆ ಸ್ವಿಂಗ್ ಸಾಕೆ?

ಜಾವಾ ಭಾಷೆಯ ಪ್ರೋಗ್ರಾಮ್‌ಗೆ ಕಿಟಕಿ, ಬಟನ್, ಟೇಬಲ್ ಕಟ್ಟಿಕೊಡುವ ಟೂಲ್‌ಕಿಟ್‌ಗಳಲ್ಲಿ ಸ್ವಿಂಗ್ ಹಳೆಯದು, ಜಾವಾಎಫ್‌ಎಕ್ಸ್ ಹೊಸದು. ಅಡತಿ ಅಂಗಡಿಯ ಬಿಲ್ಲಿಂಗಿಗೆ ಯಾವುದು ಸರಿ?

ಪರ

ಹತ್ತಿ ಹಂಗಾಮಿನಲ್ಲಿ ರಾಯಚೂರು ಗಂಜ್‌ನ ಅಡತಿ ಅಂಗಡಿಯೊಂದರಲ್ಲಿ ಅರ್ಧ ಗಂಟೆ ಕೂತರೆ ಸಾಕು, ತಂತ್ರಾಂಶ ಹೇಗಿರಬೇಕೆಂದು ತಿಳಿಯುತ್ತದೆ. ಗುಮಾಸ್ತರ ಕಣ್ಣು ತೂಕದ ಚೀಟಿಯ ಮೇಲೆ, ಬಲಗೈ ನಂಬರ್ ಕೀಗಳ ಮೇಲೆ. ತೂಕ, ದರ, ಹಮಾಲಿ ಎಂದು ಹೊಡೆಯುತ್ತಲೇ ಹೋಗುತ್ತಾರೆ. ಪರದೆಯನ್ನು ಅವರು ಸರಿಯಾಗಿ ನೋಡುವುದು ಪಟ್ಟಿ ಪ್ರಿಂಟ್ ಮಾಡುವಾಗಲೇ.

ಇಂಥವರಿಗೆ ಸ್ವಿಂಗ್‌ನ ಟೇಬಲ್ ಆದ ಜೆಟೇಬಲ್ ಹೇಳಿ ಮಾಡಿಸಿದಂತಿದೆ. ತೂಕ ಹೊಡೆದು, ಎಂಟರ್ ಒತ್ತದೆ ಅದೇ ಟೇಬಲ್‌ನ ಇನ್ನೊಂದು ಸೆಲ್ ಕ್ಲಿಕ್ ಮಾಡಿದರೂ ಅಂಕಿ ಉಳಿಯುತ್ತದೆ. ಜಾವಾಎಫ್‌ಎಕ್ಸ್‌ನ ಟೇಬಲ್ ಆದ ಟೇಬಲ್‌ವ್ಯೂನಲ್ಲಿ ಅದರ ಜೊತೆ ಬರುವ ಸಿದ್ಧ ಸೆಲ್ಲನ್ನೇ ಬಳಸಿ ಹೀಗೆ ಮಾಡಿ ನೋಡಿ: ಹೊಡೆದದ್ದು ಮಾಯ, ಹಳೆಯ ಅಂಕಿ ಮತ್ತೆ ಹಾಜರ್! ಎದುರಿಗೆ ರೈತ ನಿಂತಿರುವಾಗ ಕ್ವಿಂಟಲ್ ಲೆಕ್ಕ ತಪ್ಪಿದರೆ ಬೈಸಿಕೊಳ್ಳುವವರು ಗುಮಾಸ್ತರು, ಪ್ರೋಗ್ರಾಮರ್ ಅಲ್ಲ.

ಸ್ವಿಂಗ್ 1998ರ ಜೆಡಿಕೆ (ಜಾವಾದ ಅಭಿವೃದ್ಧಿ ಕಿಟ್) 1.2ರಿಂದಲೂ ಜಾವಾದ ಜೊತೆಗೇ ಬರುತ್ತಿದೆ. ಜಾವಾಎಫ್‌ಎಕ್ಸನ್ನು ಜಾವಾದ ಒಡೆಯ ಆರಕಲ್ 2018ರಲ್ಲಿ, ಜೆಡಿಕೆ 11ರಿಂದ ಹೊರಗಿಟ್ಟಿತು. ಮುಖ ಹಳೆಯದಾಯಿತು ಎನ್ನುವವರು ಫ್ಲಾಟ್‌ಲ್ಯಾಫ್ ಎಂಬ ಹೊಸ ವೇಷ ಹಾಕಿಕೊಳ್ಳಲಿ. ಪ್ರೋಗ್ರಾಮರ್‌ಗಳು ಕೋಡ್ ಬರೆಯುವ ಇಂಟೆಲಿಜೆ ಐಡಿಯಾ ನಿಂತಿರುವುದೂ ಸ್ವಿಂಗ್ ಮೇಲೆಯೇ.

ವಿರೋಧ

ಗುಮಾಸ್ತರ ವಿಷಯ ಒಪ್ಪಿದೆ. ಆದರೆ ದುಡ್ಡು ಕೊಡುವವರು ಸಾಹುಕಾರರು, ಡೆಮೊ ನೋಡಿ ತಲೆಯಾಡಿಸುವವನು ಅವರ ಮಗ. ದಿನವಿಡೀ ಫೋನ್ ಹಿಡಿದ ಹುಡುಗನಿಗೆ ಸ್ವಿಂಗ್‌ನ ಬೂದು ಕಿಟಕಿ ತೋರಿಸಿ ಮಾರಲು ಹೋಗುವುದು ದುಸ್ಸಾಹಸವೇ ಸರಿ. ಟೂಲ್‌ಕಿಟ್‌ನ ಹೆಸರಂತೂ ಅಲ್ಲಿ ಯಾರಿಗೂ ಬೇಡ.

ಟೇಬಲ್‌ವ್ಯೂನ ದೋಷ ನಿಜ. ಆದರೆ ಸರಿಯಾದ ಸೆಲ್ ಕ್ಲಾಸ್ (ಸೆಲ್ ಹೇಗೆ ನಡೆಯಬೇಕೆಂಬ ಕೋಡ್) ಒಮ್ಮೆ ಬರೆದಿಟ್ಟುಕೊಂಡರೆ ಎಲ್ಲ ಟೇಬಲ್‌ಗೂ ಆಯಿತು. ಅದೇ ಸ್ವಿಂಗ್‌ನಲ್ಲಿ ತೂಕ ತಿದ್ದಿದಾಗ ಮೊತ್ತ ಬದಲಾಗಬೇಕೆಂದರೆ ಜಾಗ ಜಾಗದಲ್ಲಿ ಲಿಸನರ್ (ಬದಲಾವಣೆಗೆ ಕಾದು ಕೂರುವ ಕೋಡ್) ಹಾಕಬೇಕು. ಒಂದು ಮರೆತರೂ ಪಟ್ಟಿಯ ಕೆಳಗೆ ಹಳೆಯ ಮೊತ್ತವೇ ಅಚ್ಚಾಗುತ್ತದೆ, ಆಗಲೂ ರೈತ ಎದುರಿಗೇ ನಿಂತಿರುತ್ತಾನೆ. ಜಾವಾಎಫ್‌ಎಕ್ಸ್‌ನ ಬೈಂಡಿಂಗ್‌ನಲ್ಲಿ ತೂಕ, ದರ, ಮೊತ್ತಗಳ ನಂಟನ್ನು ಒಮ್ಮೆ ಬರೆದರೆ ಮುಗಿಯಿತು.

ಚಾಳೀಸು ಬಂದ ಸಾಹುಕಾರರು ಅಕ್ಷರ ದೊಡ್ಡದು ಮಾಡು ಎಂದರೆ ಜಾವಾಎಫ್‌ಎಕ್ಸ್‌ನಲ್ಲಿ ಪರದೆಯ ರೂಪ ಹೇಳುವ ಸಿಎಸ್‌ಎಸ್‌ನ ಮೂಲ ಭಾಗವಾದ ರೂಟ್‌ನಲ್ಲಿ ಒಂದು ಸಾಲು ತಿದ್ದಿದರಾಯಿತು, ಬಟನ್‌ಗಳೂ ತಕ್ಕಂತೆ ಹಿಗ್ಗುತ್ತವೆ. ಕಾಲೇಜಿನಿಂದ ಬರುವ ಹುಡುಗರಿಗೆ ಸಿಎಸ್‌ಎಸ್ ಗೊತ್ತಿರುತ್ತದೆ. ಸ್ವಿಂಗ್ ಪರದೆ ಜೋಡಿಸುವ ಗ್ರಿಡ್‌ಬ್ಯಾಗ್‌ಲೇಔಟ್ ಕಲಿಸಲು ಕೂತರೆ ಮರುದಿನ ಬರುವುದು ಅನುಮಾನ.

ಜಾವಾಎಫ್‌ಎಕ್ಸ್ ಜೆಡಿಕೆಯಿಂದ ಹೊರಗಿದೆ ಎಂಬುದು ಈಗ ದೊಡ್ಡ ತೊಡಕಲ್ಲ. ಜೆಡಿಕೆ 16ರಲ್ಲಿ ಪೂರ್ಣರೂಪಕ್ಕೆ ಬಂದ ಜೆಪ್ಯಾಕೇಜ್ ಎಂಬ ಸಾಧನ, ಜಾವಾ ಸಮೇತ ಎಲ್ಲವನ್ನೂ ಒಂದೇ ಇನ್‌ಸ್ಟಾಲರ್‌ನಲ್ಲಿ ಕಟ್ಟಿಕೊಡುತ್ತದೆ. ಈಗಾಗಲೇ ಓಡುತ್ತಿರುವ ಸ್ವಿಂಗ್ ಬಿಲ್ಲಿಂಗನ್ನು ಕಿತ್ತೆಸೆಯಿರಿ ಎಂದೇನೂ ಹೇಳುತ್ತಿಲ್ಲ. ಸ್ವಿಂಗ್ ಕಿಟಕಿಯೊಳಗೆ ಜಾವಾಎಫ್‌ಎಕ್ಸ್ ಕೂರಿಸುವ ಜೆಎಫ್‌ಎಕ್ಸ್‌ಪ್ಯಾನೆಲ್ ಇಟ್ಟು ವರದಿ ಪುಟವನ್ನು ಮಾತ್ರ ಮೊದಲು ಹೊಸದರಲ್ಲಿ ಬರೆಯಬಹುದು. ಎರಡೂ ಟೂಲ್‌ಕಿಟ್‌ಗಳ ಥ್ರೆಡ್‌ಗಳು (ಪ್ರೋಗ್ರಾಮ್‌ನ ಕೆಲಸ ಸಾಗುವ ಎಳೆಗಳು) ಬೇರೆ ಬೇರೆ, ಅಷ್ಟು ನೋಡಿಕೊಂಡರೆ ಸಾಕು.