ನಮ್ಮ ಹೆಸರಿಗೆ ನಾವೇ ಬಾಡಿಗೆ ಕಟ್ಟಬೇಕಂತೆ

ಮೂರು ದಿನದಿಂದ ಚಿಕ್ಕಮ್ಮ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಾಳೆ. "ತಮಾ, ನಮ್ಮ ಹೆಸರಿಗೆ ನಾವೇ ಬಾಡಿಗೆ ಕೊಡದು ಎಂತಕ್ಕೆ?" ಅವಳು ಹೇಳುತ್ತಿರುವುದು ಅವಳ ವೆಬ್‌ಸೈಟಿನ ಹೆಸರಿನ ಬಗ್ಗೆ, ಅದನ್ನು ಉಳಿಸಿಕೊಳ್ಳೋಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ನನ್ನ ಹತ್ತಿರ ಉತ್ತರ ಇಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿದೆ. ಅದನ್ನು ಇಲ್ಲಿ ಕಾರಿಕೊಳ್ಳುತ್ತೇನೆ. ಓದಿ ತಲೆ ಕೆಟ್ಟರೆ ಬೈದುಕೊಳ್ಳಬೇಡಿ.

ಚಿಕ್ಕಮ್ಮ ಇರುವುದು ಶಿರಸಿ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾಳೆ. ಮೊದಲು ನೆಂಟರಿಗೆ ಅಂತ ಶುರುವಾಯಿತು, ಆಮೇಲೆ ನೆಂಟರ ಪಕ್ಕದ ಮನೆಯವರಿಗೆ, ಈಗ ಪುಣೆ ಮುಂಬೈಗೆಲ್ಲ ಪಾರ್ಸೆಲ್ ಹೋಗುತ್ತದೆ. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸುವ ನಾನು ದೊಡ್ಡ ಜಾಣನ ಹಾಗೆ "ಒಂದು ವೆಬ್‌ಸೈಟ್ ಮಾಡಿಬಿಡೋಣ" ಎಂದೆ. ಅದು ಹೋದ ವರ್ಷದ ಫೆಬ್ರವರಿ. ಹೆಸರು ಅವಳೇ ಇಟ್ಟಳು, ಚಿಕ್ಕಮ್ಮನ ಭರಣಿ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ವೆಬ್‌ಸೈಟಿನ ವಿಳಾಸಕ್ಕೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೋಗಿ. ಕೆ ಒಂದೋ ಎರಡೋ? ಎಮ್ ಒಂದೋ ಎರಡೋ? ಬಿ ಆದ ಮೇಲೆ ಎಚ್ ಬೇಕೋ ಬೇಡವೋ? ಒಟ್ಟು 18 ಅಕ್ಷರ. ಒಂದು ಆಚೀಚೆ ಆದರೆ ಗಿರಾಕಿ ಇನ್ಯಾವುದೋ ಊರಿಗೆ ಹೋದ. ಚಿಕ್ಕ ಹೆಸರು ಹುಡುಕೋಣ ಎಂದರೆ ಎಲ್ಲವೂ ಯಾರದೋ ಪಾಲಾಗಿವೆ. ಒಳಗೆ ಹೋಗಿ ನೋಡಿದರೆ ಖಾಲಿ ಪುಟ, ನಡುವೆ "ಈ ಹೆಸರು ಮಾರಾಟಕ್ಕಿದೆ" ಎಂಬ ಒಂದು ಸಾಲು. ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ ಎಸೆದು ಹೋಗ್ತಾರಲ್ಲ, ಹಾಗೆ. ಟವೆಲ್ ಎಸೆದವನು ಒಂದು ಹತ್ತು ನಿಮಿಷಕ್ಕೆ ಬಂದು ಕೂರ್ತಾನೆ, ಇವರು ವರ್ಷಗಟ್ಟಲೆ ಬರೋದಿಲ್ಲ.

"ಕನ್ನಡದಲ್ಲೇ ಹಾಕಲೆ ಬತ್ತಿಲ್ಯ?" ಎಂದಳು ಚಿಕ್ಕಮ್ಮ. ಬರುತ್ತದೆ. ವಿಳಾಸದ ಕೊನೆಗೆ ಡಾಟ್ ಕಾಮ್ ಇರುವ ಹಾಗೆ ನಮ್ಮ ಲಿಪಿಯಲ್ಲೇ ಡಾಟ್ ಭಾರತ ಇದೆ. ನನಗೂ ಆಸೆಯಾಯಿತು. ಕೊಳ್ಳುವ ಮುಂಚೆ ಪಾರ್ಸೆಲ್ ಕಂಪನಿಯೊಂದರ ಅರ್ಜಿಯಲ್ಲಿ ವೆಬ್‌ಸೈಟ್ ವಿಳಾಸ ಕೇಳುವ ಕಡೆ ಹಾಕಿ ನೋಡಿದೆ. ಸರಿಯಾದ ವಿಳಾಸ ಕೊಡಿ ಎಂದು ಕೆಂಪಕ್ಷರದಲ್ಲಿ ಬೈಯಿತು. ಕನ್ನಡದ ಹೆಸರನ್ನು ಕಂಪ್ಯೂಟರ್‌ಗಳು ಒಳಗೊಳಗೆ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಯೇ ಇಟ್ಟುಕೊಳ್ಳುವುದು. ಎಕ್ಸ್, ಎನ್, ಆಮೇಲೆ ಎರಡು ಅಡ್ಡಗೀಟು, ಅದರ ಹಿಂದೆ ಬೆಕ್ಕು ಕೀಬೋರ್ಡ್ ತುಳಿದ ಹಾಗೆ ಒಂದಿಷ್ಟು ಅಕ್ಷರ. ಎಷ್ಟೋ ಕಡೆ ಜನರಿಗೆ ಕಾಣುವುದೂ ಅದೇ ರೂಪ. ಉಪ್ಪಿನಕಾಯಿ ಬಾಟಲಿ ಮೇಲೆ ಅದನ್ನು ಹೇಗೆ ಅಂಟಿಸಲಿ? ಸರಿ, ಡಾಟ್ ಕಾಮ್ ಗತಿ ಎಂದುಕೊಂಡೆ.

ಇಂಥ ಹೆಸರು ಮಾರುವ ಕಂಪನಿಯೊಂದರ ಜಾಹೀರಾತಿನಲ್ಲಿ 199 ರೂಪಾಯಿ ಅಂತಿತ್ತು. ದಪ್ಪಕ್ಷರದಲ್ಲಿ. ಹೆಸರು ಸಿಕ್ಕಿತು, ಒತ್ತಿದೆ. ಬಿಲ್ಲಿನ ಪುಟ ತೆರೆದರೆ 5,422 ರೂಪಾಯಿ! ನಾನು ಕೇಳದೇ ಮೂರು ವರ್ಷಕ್ಕೆ ಹಾಕಿಕೊಂಡಿದ್ದಾರೆ. ಮೊದಲ ವರ್ಷ 199, ಉಳಿದ ಎರಡು ವರ್ಷ ತಲಾ 1,499. ಭದ್ರತೆ ಅಂತ 799. ಕೊಂಡವರ ಹೆಸರು ವಿಳಾಸ ಹೊರಗಿನವರಿಗೆ ಕಾಣದ ಹಾಗೆ ಮುಚ್ಚಿಡೋಕೆ 599. ಇಷ್ಟರ ಮೇಲೆ ಶೇ 18 ಜಿಎಸ್‌ಟಿ. ಒಂದೊಂದೇ ಟಿಕ್ ತೆಗೆಯುತ್ತಾ ಹೋದೆ. ಪ್ರತಿ ಸಲವೂ "ಖಂಡಿತಾನಾ? ನಿಮ್ಮ ವ್ಯವಹಾರ ಅಪಾಯದಲ್ಲಿದೆ" ಎಂದು ಹೆದರಿಸೋದು ಬೇರೆ. ಒಂದು ಕಡೆ "ಬೇಡ" ಅನ್ನೋ ಬಟನ್ನನ್ನು ಬಿಳಿ ಹಿನ್ನೆಲೆಯಲ್ಲಿ ತಿಳಿ ಬೂದು ಬಣ್ಣದಲ್ಲಿ ಇಟ್ಟಿದ್ದರು. ಕನ್ನಡಕ ಹಾಕಿಕೊಂಡು ಹುಡುಕಿದೆ. ಕೊನೆಗೆ 234 ರೂಪಾಯಿ 82 ಪೈಸೆಗೆ ಇಳಿಸಿದಾಗ ಯುದ್ಧ ಗೆದ್ದ ಹಾಗೆ ಅನಿಸಿತ್ತು.

ಎಂಥ ಪೆದ್ದ ನಾನು. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇರುವುದು ಅಮೆರಿಕದ ವೆರಿಸೈನ್ ಕಂಪನಿ ಹತ್ತಿರ. ಯಾರೇ ಮಾರಲಿ, ಒಂದು ಹೆಸರಿಗೆ ವರ್ಷಕ್ಕೆ ಇಷ್ಟು ಅಂತ ಅವರಿಗೆ ಕಟ್ಟಲೇಬೇಕು. 2024ರ ಸೆಪ್ಟೆಂಬರಲ್ಲಿ ಅದನ್ನು 10.26 ಡಾಲರಿಗೆ ಏರಿಸಿದರು. ನಮ್ಮ ದುಡ್ಡಲ್ಲಿ 800 ರೂಪಾಯಿಗೂ ಜಾಸ್ತಿ. ಅಷ್ಟು ಕೊಟ್ಟು ತಂದದ್ದನ್ನು 199ಕ್ಕೆ ಮಾರ್ತಾನೆ ಅಂದರೆ ಆತ ಧರ್ಮಛತ್ರ ಇಟ್ಟಿಲ್ಲ. 199 ಅನ್ನೋದು ಗಾಳಕ್ಕೆ ಸಿಕ್ಕಿಸಿದ ಎರೆಹುಳ.

ಆ 599 ಉಳಿಸಿದ ಪಾಪಕ್ಕೆ ಮರುದಿನ ಬೆಳಿಗ್ಗೆಯೇ ಶಿಕ್ಷೆ. ಮಾಲೀಕರ ಜಾಗದಲ್ಲಿ ಚಿಕ್ಕಮ್ಮನ ಹೆಸರು, ಫೋನ್ ನಂಬರ್ ಹಾಕಿದ್ದೆ, ಮುಚ್ಚಿಡದ ಕಾರಣ ಅದು ಯಾರು ಬೇಕಾದರೂ ನೋಡುವ ಹಾಗಿತ್ತು. ಅವಳು ಕೈಯೆಲ್ಲ ಉಪ್ಪು ಮಾಡಿಕೊಂಡು ಭರಣಿಗೆ ಮಿಡಿ ತುಂಬುತ್ತಾ ಕೂತಿದ್ದಾಳೆ, ಫೋನ್ ಮೇಲೆ ಫೋನ್. ವೆಬ್‌ಸೈಟ್ ಮಾಡಿಕೊಡ್ತೀವಿ, ಲೋಗೋ ಮಾಡಿಕೊಡ್ತೀವಿ, ಎಲ್ಲರೂ ಹಿಂದಿಯಲ್ಲಿ. ಮೂರು ದಿನದಲ್ಲಿ 40 ಕರೆ. ಬೇರೆ ಎಷ್ಟೋ ಕಂಪನಿಗಳು ಈ ವಿವರ ಮುಚ್ಚಿಡೋದನ್ನ ಪುಕ್ಕಟೆ ಮಾಡ್ತವೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. (ಆ ಫೋನ್ ಮಾಡಿದವರಲ್ಲಿ ಒಬ್ಬನಿಗೆ ಚಿಕ್ಕಮ್ಮ ತನ್ನ ಹರಕು ಹಿಂದಿಯಲ್ಲೇ ಎರಡು ಕಿಲೋ ಉಪ್ಪಿನಕಾಯಿ ಮಾರಿದಳು. ಈ ಇಡೀ ಕಥೆಯಲ್ಲಿ ಲಾಭ ಆಗಿದ್ದು ಅದೊಂದೇ.)

ಮಾರ್ಚ್ ಮೊದಲ ವಾರ. ಮಿಡಿ ಸೀಸನ್, ಆರ್ಡರ್ ಬರೋ ಹೊತ್ತು. ಧಾರವಾಡದ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಅಂಗಡಿ ಮುಚ್ಚಿದ್ರೇನ್ರಿ?" ಎಂದರು. ನೋಡಿದರೆ ಸೈಟ್ ಇದ್ದ ಜಾಗದಲ್ಲಿ ಒಂದು ನೋಟಿಸ್. ಹೆಸರು ಕೊಂಡ ಮೇಲೆ 15 ದಿನದೊಳಗೆ ಇಮೇಲ್‌ಗೆ ಬಂದ ಲಿಂಕ್ ಒತ್ತಿ ಆ ಇಮೇಲ್ ನಮ್ಮದೇ ಅಂತ ಖಚಿತಪಡಿಸಬೇಕಿತ್ತಂತೆ. ಇಲ್ಲದಿದ್ದರೆ ಹೆಸರು ಬಂದ್. ಇದು ಜಗತ್ತಿನ ವೆಬ್‌ಸೈಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಅನ್ನೋ ಸಂಸ್ಥೆಯ ನಿಯಮ, ಎಲ್ಲ ಮಾರಾಟಗಾರರಿಗೂ ಒಂದೇ. ನಿಯಮಕ್ಕೆ ನನ್ನ ತಕರಾರಿಲ್ಲ. ಕಳ್ಳರು ಸುಳ್ಳು ವಿಳಾಸ ಕೊಡ್ತಾರೆ, ಸರಿ. ಆದರೆ ಆ ಒಂದು ಮೇಲ್ ಎಲ್ಲಿತ್ತು ಗೊತ್ತಾ? ಅದೇ ಕಂಪನಿ ಕಳಿಸಿದ 30 ಜಾಹೀರಾತು ಮೇಲ್‌ಗಳ ನಡುವೆ. "ಇಂದೇ ಕೊನೆ ದಿನ" ಅಂತ ಅವರು ದಿನಾ ಕೂಗಿದರೆ ನಿಜವಾದ ಕೊನೆ ದಿನ ಯಾವುದು ಅಂತ ಯಾರಿಗೆ ತಿಳಿಯಬೇಕು? ಅದೂ ಚಿಕ್ಕಮ್ಮನ ಮೇಲ್ ಡಬ್ಬಿ. ಅವಳು ಯೂಟ್ಯೂಬ್ ನೋಡೋಕೆ ಬೇಕು ಅಂತ ಮಾಡಿಸಿಕೊಂಡಿದ್ದು. ಪಾಸ್‌ವರ್ಡ್ ಹುಡುಕಿ ಲಿಂಕ್ ಒತ್ತಿ, ಸೈಟ್ ವಾಪಸ್ ಬರುವ ಹೊತ್ತಿಗೆ ಎರಡು ದಿನ ಹೋಯಿತು.

ಈಗ ಈ ವರ್ಷಕ್ಕೆ ಬನ್ನಿ. ನನ್ನ ನಿಜವಾದ ಹೊಟ್ಟೆಯುರಿ ಇಲ್ಲಿದೆ.

ಫೆಬ್ರವರಿಗೆ ಅವಧಿ ಮುಗಿಯುತ್ತದೆ, ಹೋದ ಸಲದ ಹಾಗೆ ಆಗಬಾರದು ಅಂತ ಜನವರಿಯಲ್ಲೇ ಎಚ್ಚೆತ್ತುಕೊಂಡೆ. ಚಿಕ್ಕಮ್ಮನ ಹೆಸರು, ಇಮೇಲ್ ತೆಗೆದು ನನ್ನದು ಹಾಕಿದೆ. ಆಮೇಲೆ ನವೀಕರಣದ ದರ ನೋಡಿದರೆ 1,499, ಜಿಎಸ್‌ಟಿ ಬೇರೆ. ಇನ್ನೊಂದು ಕಂಪನಿಯಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇತ್ತು. ಅಲ್ಲಿಗೆ ಹೋಗೋಣ ಅಂತ ವರ್ಗಾವಣೆಯ ಗುಟ್ಟಿನ ಕೋಡ್ ಕೇಳಿದೆ. ಉತ್ತರ ಬಂತು: ನೀವು ಮಾಲೀಕರ ವಿವರ ಬದಲಿಸಿದ್ದೀರಿ, ಇನ್ನು 60 ದಿನ ಹೆಸರಿಗೆ ಬೀಗ.

60 ದಿನ! ಅವಧಿ ಮುಗಿಯೋಕೆ ಉಳಿದಿದ್ದು 41 ದಿನ. ಅಂದರೆ ಬೀಗ ತೆಗೆಯೋ ಮುಂಚೆ ಇವರ ಹತ್ತಿರವೇ ದುಡ್ಡು ಕಟ್ಟಲೇಬೇಕು. ಹೆಸರನ್ನು ಯಾರಾದರೂ ಕದ್ದು ಓಡದಿರಲಿ ಅಂತ ಮಾಡಿದ ಬೀಗ ಅದು, ಒಪ್ಪಿದೆ. ಬದಲಾವಣೆ ಮಾಡುವ ಮುಂಚೆಯೇ "ಬೀಗ ಬೇಡ" ಅಂತ ಆರಿಸಿಕೊಳ್ಳೋಕೂ ದಾರಿಯಿತ್ತಂತೆ, ಸಹಾಯವಾಣಿಯವರು ಆಮೇಲೆ ಹೇಳಿದರು. ಎಲ್ಲಿತ್ತು ಅಂತ ಕೇಳಿದೆ. ಪುಟದ ಕೊನೆಗೆ ಒಂದು ಚಿಕ್ಕ ಚೌಕ ಇತ್ತು ಸಾರ್, ನೀವು ನೋಡಿಲ್ಲ. ಭದ್ರತೆಗೆ 799 ಕೇಳುವಾಗ ಅರ್ಧ ಪರದೆ ತುಂಬುವ ಹಾಗೆ ಕಿರುಚುವ ಜನರಿಗೆ ಇದನ್ನು ಹೇಳೋಕೆ ಸಾಸಿವೆ ಕಾಳಿನಷ್ಟು ಜಾಗ ಸಾಕಾಯಿತು.

ಕಟ್ಟದೇ ಬಿಟ್ಟರೆ? ಅದನ್ನೂ ಕೇಳಿದೆ. ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ದರದಲ್ಲೇ ಕಟ್ಟಬಹುದು. ಅದೂ ದಾಟಿದರೆ 30 ದಿನ ಬಿಡಿಸಿಕೊಳ್ಳುವ ಕಾಲ, ಆಗ ದಂಡ ಹಲವು ಸಾವಿರ. ಅದೂ ಮುಗಿದರೆ 5 ದಿನ ಕಾದು ಬಯಲಿಗೆ ಬಿಡ್ತಾರೆ. ಹಾಗೆ ಬಿಟ್ಟ ಕ್ಷಣವೇ ಹೆಸರು ಹಿಡಿಯೋಕೆ ಅಂತಲೇ ಯಂತ್ರ ಇಟ್ಟುಕೊಂಡು ಕೂತಿರುವವರಿದ್ದಾರೆ. ನಾಳೆ ಚಿಕ್ಕಮ್ಮನ ಭರಣಿಯಲ್ಲಿ ಇಸ್ಪೀಟಾಟದ ಜಾಹೀರಾತು ಬಂದರೆ ಅವಳಿಗೆ ಏನು ಹೇಳಲಿ?

ಕಟ್ಟಿದೆ. 1,768 ರೂಪಾಯಿ 82 ಪೈಸೆ. ಕಟ್ಟಿ ಐದು ನಿಮಿಷ ಆಗಿರಲಿಲ್ಲ, ಮೇಲ್ ಬಂತು: ಇದೇ ಹೆಸರು ಡಾಟ್ ನೆಟ್‌ನಲ್ಲೂ ಖಾಲಿ ಇದೆ, ಬೇರೆಯವರು ತಗೊಳ್ಳುವ ಮುಂಚೆ ನೀವೇ ತಗೊಳ್ಳಿ, ಬರೀ 199.

ನಿನ್ನೆ ಚಿಕ್ಕಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಶಿರಸಿಯ ಪ್ರೆಸ್ಸಿನಲ್ಲಿ ಹೊಸ ಲೇಬಲ್ ಮಾಡಿಸಿದ್ದಾಳೆ, 500. ಮೇಲೆ ಕನ್ನಡದಲ್ಲಿ ಚಿಕ್ಕಮ್ಮನ ಭರಣಿ, ಕೆಳಗೆ ಅವಳ ಫೋನ್ ನಂಬರ್. ವೆಬ್‌ಸೈಟ್ ಎಲ್ಲಿ ಅಂತ ಕೇಳಿದೆ. ಪ್ರೆಸ್ಸಿನ ಹುಡುಗ ಎಚ್ ಬಿಟ್ಟು ಅಚ್ಚು ಹಾಕಿದ್ದನಂತೆ, ಇವಳು ಆ ಸಾಲನ್ನೇ ತೆಗೆಸಿದಳಂತೆ.