ಕೋಟೆ ಬಿದ್ದ ಜಾಗವನ್ನು ಮಾರದೆ ಉಳಿಸಿದವರು

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಹಳೆಯ ಪೇಟೆಯನ್ನು ಸುತ್ತುವರಿದಿರುವ ಪ್ಲಾಂಟಿ ಉದ್ಯಾನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿನ ಮರಗಳ ನೆರಳನ್ನು ಹೊಗಳುತ್ತಾರೆ. ನೆರಳು ಚೆನ್ನಾಗಿಯೇ ಇದೆ. ಆದರೆ ಕೋಟೆ ಕೆಡವಿದಾಗ ತೆರವಾದ ನೆಲದ ಬಹುಪಾಲನ್ನು ನಿವೇಶನ ಮಾಡಿ ಮಾರದೆ ಜನರ ಓಡಾಟಕ್ಕೆ ಬಿಟ್ಟ ತೀರ್ಮಾನ ಅದಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ.

19ನೇ ಶತಮಾನದ ಆರಂಭದ ಹೊತ್ತಿಗೆ ಆ ಮಧ್ಯಯುಗದ ಗೋಡೆ ಫಿರಂಗಿಗಳ ಮುಂದೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ, ಕಂದಕವೂ ಹಾಳುಬಿದ್ದಿತ್ತು. ಆಸ್ಟ್ರಿಯಾದ ಆಡಳಿತದಲ್ಲಿ ಶುರುವಾದ ಕೆಡವುವ ಕೆಲಸ 1815ರಲ್ಲಿ ಕ್ರಾಕೋವ್ ಸ್ವತಂತ್ರ ನಗರವಾದ ಮೇಲೂ ನಿಲ್ಲಲಿಲ್ಲ. 1822ರಿಂದ 1830ರವರೆಗೆ ಕಂದಕ ತುಂಬಿಸಿ, ನೆಲ ಮಟ್ಟಮಾಡಿ, ಸಾಲುಮರ ನೆಟ್ಟು ಸುಮಾರು 4 ಕಿಲೋಮೀಟರ್ ಉದ್ದದ, 21 ಹೆಕ್ಟೇರ್ ವಿಸ್ತಾರದ ಹಸಿರು ಪಟ್ಟಿಯನ್ನು ರೂಪಿಸಲಾಯಿತು. ಅದರ ಉಸ್ತುವಾರಿಗೆ ದುಡಿದ ಫ್ಲೋರಿಯನ್ ಸ್ತ್ರಾಷೆವ್ಸ್ಕಿಗೆ ಉದ್ಯಾನದೊಳಗೇ ಒಂದು ಸ್ಮಾರಕಸ್ತಂಭವಿದೆ.

ಎಲ್ಲವೂ ನೆಲಸಮವಾಗದಂತೆ ತಡೆದ ಶ್ರೇಯಸ್ಸು ಮುಖ್ಯವಾಗಿ ಫೆಲಿಕ್ಸ್ ರಾದ್ವಾನ್ಸ್ಕಿ ಎಂಬ ಪ್ರಾಧ್ಯಾಪಕರಿಗೆ ಸಲ್ಲುತ್ತದೆ. ಫ್ಲೋರಿಯನ್ ಹೆಬ್ಬಾಗಿಲನ್ನೂ ಅದರ ಮುಂದಿನ ದುಂಡು ಕೊತ್ತಲವಾದ ಬಾರ್ಬಿಕನ್ನನ್ನೂ ಉಳಿಸಿಕೊಳ್ಳಬೇಕೆಂದು ಅವರು ನಗರದ ಸೆನೆಟ್ಟಿನಲ್ಲಿ ವಾದಿಸಿದರು. ಇವನ್ನು ಕೆಡವಿದರೆ ಉತ್ತರದ ಚಳಿಗಾಳಿ ನೇರವಾಗಿ ಊರೊಳಗೆ ನುಗ್ಗುತ್ತದೆ ಎಂಬುದೂ ಅವರ ವಾದಗಳಲ್ಲಿ ಒಂದಾಗಿತ್ತಂತೆ. ಇತಿಹಾಸದ ಮಾತಿಗೆ ಕರಗದ ಸಭೆ ನೆಗಡಿಗೆ ಹೆದರಿತೋ ಏನೋ! ಅಂತೂ 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ, 3 ಮೀಟರ್ ದಪ್ಪದ ಇಟ್ಟಿಗೆಗೋಡೆಯ, 7 ಗೋಪುರಗಳ, ಗುಂಡು ಹಾರಿಸಲು 130 ಕಂಡಿಗಳಿರುವ ಬಾರ್ಬಿಕನ್ ಇಂದಿಗೂ ನಿಂತಿದೆ. ಹೆಬ್ಬಾಗಿಲ ಅಕ್ಕಪಕ್ಕದ ತುಂಡುಗೋಡೆಯಲ್ಲಿ ಬಡಗಿಗಳ ಸಂಘದಂತಹ ಕಸಬುದಾರರು ಕಾಯುತ್ತಿದ್ದ ಬುರುಜುಗಳೂ ಉಳಿದಿವೆ. ಉಳಿದೆಡೆ ಗೋಡೆ ಹಾದುಹೋಗಿದ್ದ ಜಾಡನ್ನು ನೆಲಮಟ್ಟದ ಕಲ್ಲುಗಳಿಂದ ಗುರುತಿಸಿದ್ದಾರೆ.

ವಿಯೆನ್ನಾ ಬೇರೆ ದಾರಿ ಹಿಡಿಯಿತು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆ ಕೆಡವಲು ಆಜ್ಞೆ ಹೊರಡಿಸಿದ ಮೇಲೆ ಅಲ್ಲಿನ ಬಯಲಿನ ಎಷ್ಟೋ ಭಾಗ ಖಾಸಗಿಯವರಿಗೆ ಮಾರಾಟವಾಗಿ, ಆ ಹಣದಿಂದ ವೈಭವದ ಸಾರ್ವಜನಿಕ ಕಟ್ಟಡಗಳೆದ್ದವು. ಅದನ್ನು ತಪ್ಪೆನ್ನಲಾರೆ, ಉದ್ಯಾನಗಳಿಗೂ ಅಲ್ಲಿ ಜಾಗ ಸಿಕ್ಕಿತು. ಆದರೂ ಊರನ್ನು ಪೂರ್ತಿ ಸುತ್ತಿಬರಲು ಯಾರಿಗೂ ಅಡ್ಡಿಯಿಲ್ಲದ ಹಸಿರು ದಾರಿ ಬೇಕೆಂದರೆ ನಾನು ಕ್ರಾಕೋವಿನ ಪರವೇ.

ಒಂದು ಕೊರಗು ಮಾತ್ರ ಉಳಿಯುತ್ತದೆ. ಬಾರ್ಬಿಕನ್ನನ್ನು ಹೆಬ್ಬಾಗಿಲಿಗೆ ಜೋಡಿಸುತ್ತಿದ್ದ ಗೋಡೆಗಳ ನಡುವಿನ ಓಣಿಯನ್ನು ಕೆಡವದೆ ಬಿಟ್ಟಿದ್ದರೆ, ಮುತ್ತಿಗೆ ಹಾಕಿದವರು ಎರಡು ಬಾಗಿಲುಗಳ ನಡುವೆ ಹೇಗೆ ಸಿಕ್ಕಿಬೀಳುತ್ತಿದ್ದರೆಂಬುದು ನೋಡಿದವರಿಗೆ ತಾನಾಗಿಯೇ ಅರ್ಥವಾಗುತ್ತಿತ್ತು. ಈಗ ಅದನ್ನು ಯಾರಾದರೂ ವಿವರಿಸಿ ಹೇಳಬೇಕಾಗಿದೆ.